ಗೋದಾಮಿನ ಬಾಗಿಲಿಗೆ ಬೇವು

ಕೊಬ್ಬರಿ ಗೋದಾಮಿನ ಹಿಂದಿನ ಕೋಣೆಯಲ್ಲಿ ಬಾಟಲಿ ಒಡೆದು ಚೆಲ್ಲಿದ್ದ ಔಷಧವನ್ನು ಅಂಜಿನಮ್ಮನ ಬರಿಗೈಯಲ್ಲಿ ಒರೆಸಿಸಿದರು. ಅದು ಏನೆಂದು ಅವಳಿಗೆ ಹೇಳಲಿಲ್ಲ. ಒರೆಸಿ ಆದ ಮೇಲೆ ಮನೆಗೆ ಹೋಗು ಎಂದರು.

ತರೀಕೆರೆಯಲ್ಲಿ ಅದು ಎಪ್ಪತ್ತೊಂಬತ್ತರ ಬೇಸಿಗೆ. ಲಕ್ಕವಳ್ಳಿಯಿಂದ ಬರುವ ನಾಲೆಗೆ ನೀರು ನಿಲ್ಲಿಸಿದ್ದರು. ನಾಲೆ ಎಲ್ಲೆಲ್ಲಿ ಸೋರುತ್ತದೆ ಎಂದು ಪತ್ತೆ ಮಾಡುವ ಗುತ್ತಿಗೆಯನ್ನು ಹೊರಗಿನ ಕಂಪನಿಯೊಂದು ಹಿಡಿದಿತ್ತು. ನಾಲೆಯ ಒಂದೊಂದು ತುಂಡಿಗೆ ಅಡ್ಡಕಟ್ಟೆ ಹಾಕಿ, ನೀರು ನಿಲ್ಲಿಸಿ, ಅದಕ್ಕೆ ವಿಕಿರಣ ಸೂಸುವ ಅಯೋಡಿನ್ನಿನ ಕೆಲವು ಹನಿ ಬಿಟ್ಟು, ಅದು ಮಣ್ಣಿನೊಳಗೆ ಯಾವ ದಾರಿ ಹಿಡಿಯುತ್ತದೆ ಎಂದು ಮೀಟರು ಹಿಡಿದು ಹಿಂಬಾಲಿಸುವುದು ಅವರ ಕೆಲಸ. ಸಾಮಾನು ಇಡಲು ಸೋಮಶೇಖರಪ್ಪನವರ ಕೊಬ್ಬರಿ ಗೋದಾಮಿನ ಹಿಂದಿನ ಕೋಣೆಯನ್ನು ಬಾಡಿಗೆಗೆ ತೆಗೆದುಕೊಂಡಿದ್ದರು. ಆ ಕೋಣೆಯ ಬಾಗಿಲ ಬಳಿಯೇ ಒಂದು ತಗಡಿನ ಪೆಟ್ಟಿಗೆ ಇತ್ತು. ಚೆಲ್ಲಿದರೆ ಹೀರಿಸಲು ದಪ್ಪ ಕಾಗದ, ಕೈಗೆ ಕೆಂಪು ರಬ್ಬರಿನ ಕೈಗವಸಿನ ಕೆಲವು ಜೊತೆ, ನುಂಗಲು ಮಾತ್ರೆ, ಎಲ್ಲ ಅದರಲ್ಲಿದ್ದವು. ಕಾಗದದ ಕಟ್ಟು ಬಿಚ್ಚಿರಲಿಲ್ಲ. ಮಾತ್ರೆಯ ಸೀಸೆಯ ಸೀಲು ಒಡೆದಿರಲಿಲ್ಲ. ಕೈಗವಸಿನ ಒಂದು ಜೊತೆ ಮಾತ್ರ ಹೊರಗೆ ಬಂದಿತ್ತು. ಅದನ್ನು ಹಾಕಿಕೊಂಡವನು ಸೈಟಿನ ಮೇಲ್ವಿಚಾರಕ ಓಂಕಾರಮೂರ್ತಿ.

ಬಾಟಲಿಯನ್ನು ಸೀಸದ ಡಬ್ಬಿಯಿಂದ ತೆಗೆಯುವಾಗ ಕೈಜಾರಿಸಿದವನೂ ಅವನೇ. ತೆಗೆಯಬೇಕಾಗಿದ್ದವಳು ಪಂಕಜಾಕ್ಷಿ. ಅವಳು ಸಖರಾಯಪಟ್ಟಣದವಳು, ಎಂ.ಎಸ್ಸಿ. ಓದಿದವಳು, ಕಂಪನಿಯಲ್ಲಿ ಸುರಕ್ಷತೆ ನೋಡಿಕೊಳ್ಳಲೆಂದೇ ಸೇರಿಸಿಕೊಂಡವಳು. ಅವತ್ತು ರೈಲಿನಲ್ಲಿ ಬರಬೇಕಾಗಿದ್ದ ಪಾರ್ಸೆಲ್ ಬಿಡಿಸಿಕೊಂಡು ಬರಲು ಕಡೂರಿಗೆ ಹೋಗಿದ್ದಳು. ಜೀಪು ಕಾಯುತ್ತಿತ್ತು, ಓಂಕಾರಮೂರ್ತಿಗೆ ಕಾಯುವ ಅಭ್ಯಾಸವಿರಲಿಲ್ಲ.

ಬಾಟಲಿ ಬಿದ್ದ ಕೂಡಲೇ ಅವನು ಹೊರಕ್ಕೆ ಹಾರಿ ಬಾಗಿಲಲ್ಲಿ ನಿಂತ. ಗೋದಾಮಿನ ಅಂಗಳ ಗುಡಿಸುತ್ತಿದ್ದ ಅಂಜಿನಮ್ಮನನ್ನು ಕರೆದ. ಕೈಗವಸು ಹಾಕಿದ ಬೆರಳಿನಿಂದ ದೂರದಿಂದಲೇ ತೋರಿಸಿದ.

"ಲೇ ಅಂಜಿನಿ, ಅಲ್ಲಿ, ಆ ಮೂಲೇಲಿ. ಗೋಣಿ ಒತ್ತಿ ಒರ್ಸು. ಗಾಜಿದೆ, ನೋಡ್ಕೊಂಡು."

"ಏನು ಬುದ್ಧಿ ಇದು, ನೀರಿದ್ದಂಗೈತೆ."

"ಔಷಧಿ. ನಾಲೆಗೆ ಹಾಕೋದು. ಬೇಗ ಒರ್ಸು."

ಅವಳು ಒರೆಸಿದಳು. ಗೋಣಿಯನ್ನು ಅವನು ಹೇಳಿದಂತೆ ಬಕೆಟ್ಟಿನೊಳಗೆ ಹಿಂಡಿದಳು. ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು. ಆಗ ಅವನಿಗೆ ಏನನ್ನಿಸಿತೋ, ಇನ್ನೊಂದು ಮಾತು ಸೇರಿಸಿದ.

"ಮನೆಗೆ ಹೋಗು. ಇವತ್ತು ಯಾರನ್ನೂ ಮುಟ್ಬೇಡ. ಕಣ್ಣಿಗೇನೂ ಕಾಣ್ಸಲ್ಲ, ಆದ್ರೂ ಮೈಮೇಲೆ ಬೊಬ್ಬೆ ಗಿಬ್ಬೆ ಎದ್ರೆ ಬಂದು ಹೇಳು."

"ಯಾರ್‍ನೂ ಮುಟ್ಬೇಡ ಅಂತ ನಮ್ಗೆ ಹೊಸ್ದಾಗಿ ಹೇಳ್ಬೇಕಾ ಬುದ್ಧಿ," ಎಂದು ಅಂಜಿನಮ್ಮ ಪೊರಕೆ ತೆಗೆದುಕೊಂಡು ಹೊರಟಳು. ಅವಳ ಮನಸ್ಸು ಆಗಲೇ ಕೇರಿಯಲ್ಲಿತ್ತು. ಮೊಲೆ ತುಂಬಿ ಬಿಗಿದಿತ್ತು. ಇನ್ನೂ ಹಲ್ಲು ಬಾರದ ಹೆಣ್ಣುಕೂಸು ಮನೆಯಲ್ಲಿ ಅತ್ತೆಯ ತೊಡೆಯ ಮೇಲಿತ್ತು.

ಅಂಜಿನಮ್ಮನ ಗಂಡ ಮುನಿಯಪ್ಪ ಅಜ್ಜಂಪುರದ ಕಡೆ ರೈಲು ಹಳಿಯ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಇದ್ದದ್ದು ಅತ್ತೆ, ಸೊಸೆ, ಕೂಸು. ಅತ್ತೆಯ ಮುಖದ ತುಂಬ ಸಿಡುಬಿನ ಕಲೆ. ಆ ಕಲೆ ಬಿದ್ದ ವರ್ಷವೇ ಅವಳ ಎರಡು ಮಕ್ಕಳು ಹೋಗಿದ್ದವು. ಊರವರು ಅಮ್ಮ ಬಂದಳು ಅನ್ನುವ ಆ ಕಾಯಿಲೆಯ ಹೆಸರನ್ನು ಅವಳು ಬಾಯಿಬಿಟ್ಟು ಹೇಳುತ್ತಲೇ ಇರಲಿಲ್ಲ.

ಅಂಜಿನಮ್ಮ ಅಂಗಳದಲ್ಲೇ ಕೂಸಿಗೆ ಕೈಚಾಚಿ, ಗೋದಾಮಿನ ಸಾಹೇಬ ಹೇಳಿದ ಮಾತನ್ನು ತಮಾಷೆಯಾಗಿ ಹೇಳಿದಳು. ಕಣ್ಣಿಗೆ ಕಾಣಲ್ಲವಂತೆ. ಯಾರನ್ನೂ ಮುಟ್ಟಬಾರದಂತೆ. ಮೈಮೇಲೆ ಬೊಬ್ಬೆ ಏಳುತ್ತಂತೆ.

ಅತ್ತೆ ನಗಲಿಲ್ಲ. ಕೂಸನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು.

"ಅಲ್ಲೇ ನಿಂತ್ಕ. ಹತ್ರ ಬರ್ಬೇಡ ಕಣೇ."

"ಹಾಲು ಕಟ್ಕಂಡೈತೆ ಅತ್ತೆ, ಕೊಡಿ ಇಲ್ಲಿ."

"ಕೊಡಲ್ಲ. ತಾಯಿ ಬಂದವ್ಳೆ. ನೀನು ಒಳೀಕೋಗಿ ಮೂಲೇಲಿ ಚಾಪೆ ಹಾಸ್ಕಂಡು ಕೂತ್ಕ. ಮೈಗೆ ನೀರು ತಾಗಿಸ್ಬೇಡ, ಸೀರೆ ಬಿಚ್ಬೇಡ. ನೀರು ಹುಯ್ಯೋ ದಿನ ನಾನೇ ಹೇಳ್ತೀನಿ."

ಆ ಕೇರಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಕ್ರಮ. ತಾಯಿ ಮೈಮೇಲಿರುವಷ್ಟು ದಿನ ಸ್ನಾನವಿಲ್ಲ, ಬಟ್ಟೆ ಒಗೆಯುವುದಿಲ್ಲ. ಬಾಗಿಲಿಗೆ ಬೇವು ಕಟ್ಟಿದರೆ ಒಳಗಿನವರು ಹೊರಕ್ಕಿಲ್ಲ, ಹೊರಗಿನವರು ಒಳಕ್ಕಿಲ್ಲ. ಅತ್ತೆ ಬೇವು ಕಟ್ಟಿ, ಹಸಿದು ಚೀರುತ್ತಿದ್ದ ಕೂಸನ್ನು ಎತ್ತಿಕೊಂಡು ಕೇರಿಯ ತುದಿಯ ಓಣಿಗೆ ನಡೆದಳು. ಅಲ್ಲಿ ಬಸ್‌ಸ್ಟ್ಯಾಂಡಿನ ಫೋಟೊ ಸ್ಟುಡಿಯೋದ ಮುನೀರ್ ಪಾಷಾನ ಮನೆ. ಅವನ ಹೆಂಡತಿ ಶಮ್ಶುನ್ನೀಸಾಗೂ ಮೊಲೆ ಕುಡಿಯುವ ಮಗುವಿತ್ತು. ಶಮ್ಶುನ್ನೀಸಾ ಏನೂ ಕೇಳದೆ ಕೂಸನ್ನು ಇಸಿದುಕೊಂಡು ಸೆರಗಿನೊಳಗೆ ಹಾಕಿಕೊಂಡಳು. ಆಮೇಲೆ ಕೇಳಿದಳು.

ಅತ್ತೆಯ ಕ್ರಮದಲ್ಲಿ ಅರ್ಧ ಆ ಕೂಸನ್ನು ಉಳಿಸುತ್ತಿತ್ತು. ಇನ್ನರ್ಧ ಅದರ ತಾಯಿಯನ್ನು ಸುಡುತ್ತಿತ್ತು. ಎರಡೂ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಜೀಪಿನಲ್ಲಿ ಕೂತು ಕಾಫಿ ಕುಡಿಯಲು ಹೋಗಿದ್ದ.

ಮಧ್ಯಾಹ್ನ ಕಡೂರಿನ ಬಸ್ಸಿಳಿದು ಬಂದ ಪಂಕಜಾಕ್ಷಿ ಕೋಣೆಯ ಬಾಗಿಲು ತೆಗೆಯುವ ಮೊದಲು ಅಭ್ಯಾಸದಂತೆ ಮೀಟರು ಹಾಕಿದಳು. ಹಲ್ಲಿ ಲೊಚಗುಟ್ಟುವ ಹಾಗೆ ಆಗೊಮ್ಮೆ ಈಗೊಮ್ಮೆ ಟಿಕ್ ಅನ್ನಬೇಕಾದ ಮೀಟರು ಹುರಿಯುವ ಬಾಣಲೆಯ ಹಾಗೆ ಸದ್ದು ಮಾಡಿತು.

ಓಂಕಾರಮೂರ್ತಿ ಹಿಂದಿನಿಂದ ಬಂದು, "ಸ್ವಲ್ಪ ಚೆಲ್ಲಿತ್ತು. ಕ್ಲೀನ್ ಮಾಡ್ಸಿದೀನಿ," ಎಂದ.

"ಯಾರ ಕೈಲಿ?"

"ಆ ಕಸ ಗುಡ್ಸೋಳು. ಅಂಜಿನಿ."

"ಗ್ಲೌಸ್ ಕೊಟ್ರಾ?"

ಕೈಗವಸು ಅವನ ಪ್ಯಾಂಟಿನ ಜೇಬಿನಿಂದ ಹೊರಗೆ ನೇತಾಡುತ್ತಿತ್ತು.

"ಅವ್ಳಿಗೆ ಹಾಲು ಕುಡಿಯೋ ಮಗು ಇದೆ, ಗೊತ್ತಾ ನಿಮ್ಗೆ?"

"ಅವ್ರ ಮನೇಲಿ ಎಷ್ಟು ಮಕ್ಳು ಅಂತ ನಾನು ನೋಡ್ಕೊಂಡು ಕೂತಿರ್ಲಾ," ಎಂದ ಓಂಕಾರಮೂರ್ತಿ.

ಪಂಕಜಾಕ್ಷಿಗೆ ಜಗಳಕ್ಕೆ ಸಮಯವಿರಲಿಲ್ಲ. ಅವನ ಜೇಬಿನಿಂದ ಕೈಗವಸು ಎಳೆದುಕೊಂಡಳು. ಕೋಣೆಯೊಳಗೆ ಕಾಲಿಡಲಿಲ್ಲ. ಬಾಗಿಲಲ್ಲಿ ಮೊಣಕಾಲೂರಿ, ಕೈಗೆಟಕುವಷ್ಟು ದೂರದಿಂದ ಒದ್ದೆ ನೆಲದ ಮೇಲೆ ಹೀರುವ ಕಾಗದದ ಹಾಳೆಗಳನ್ನು ಒಂದರ ಮೇಲೊಂದು ಹಾಸಿದಳು. ಹೊರಗಿನಿಂದಲೇ ಕಿಟಕಿ ಬಾಗಿಲು ಮುಚ್ಚಿ ಬೀಗ ಹಾಕಿದಳು. ಓಂಕಾರಮೂರ್ತಿಯ ಚಪ್ಪಲಿಯ ಮೇಲೆ ಮೀಟರು ಹಿಡಿದಳು. ಅದು ಗಲಾಟೆ ಮಾಡಿದ್ದರಿಂದ ಚಪ್ಪಲಿಯನ್ನು ಅಲ್ಲೇ ಬಿಚ್ಚಿಸಿ ಚೀಲಕ್ಕೆ ಹಾಕಿಸಿದಳು. ಕೈಕಾಲು ತೊಳೆದುಕೊಂಡು ಬಾಗಿಲ ಬಳಿ ಕಾಯಬೇಕು, ಯಾರನ್ನೂ ಒಳಗೆ ಬಿಡಬಾರದು ಎಂದು ಅವನಿಗೆ ಹೇಳಿದಳು. ಆಮೇಲೆ ಮಾತ್ರೆಯ ಸೀಸೆ, ಮೀಟರು, ಇನ್ನೊಂದು ಜೊತೆ ಕೈಗವಸು, ಚೀಲ, ಖಾಲಿ ಸೀಮೆಎಣ್ಣೆ ಡಬ್ಬ ಹಿಡಿದುಕೊಂಡು ಕೇರಿಗೆ ಓಡಿದಳು. ಬರಿಗಾಲಲ್ಲಿ ನಿಂತ ಓಂಕಾರಮೂರ್ತಿಯನ್ನು ಕಂಡು ಹಮಾಲರಿಗೆ ಖುಷಿಯಾಯಿತು. ಯಾವ ದೇವರಿಗೆ ಹರಕೆ ಸಾರ್ ಎಂದು ಒಬ್ಬ ಕೇಳಿದ.

ಕೇರಿಯ ಮನೆಯ ಬಾಗಿಲಲ್ಲಿ ಅತ್ತೆ ಅಡ್ಡ ಕೂತಿದ್ದಳು.

"ಒಳೀಕೆ ಬರಂಗಿಲ್ಲ ಅಕ್ಕೋರೇ. ಬೇವು ಕಟ್ಟೈತೆ, ಕಾಣಲ್ವಾ."

"ಅಜ್ಜಿ, ಮಗು ಎಲ್ಲಿ?"

"ಪಾಷಾ ಮನೇಲೈತೆ."

"ಅಂಜಿನಮ್ಮ ಬಂದ್ಮೇಲೆ ಮುಟ್ಟಿದ್ಲಾ? ಹಾಲು ಕೊಟ್ಲಾ?"

"ನಾನು ಬಿಡ್ತೀನಾ."

ಪಂಕಜಾಕ್ಷಿ ಅಲ್ಲೇ ಜಗಲಿಯ ಮೇಲೆ ಕುಳಿತುಬಿಟ್ಟಳು. "ಅದೊಂದು ಒಳ್ಳೇದು ಮಾಡಿದ್ರಿ ಅಜ್ಜಿ," ಎಂದಳು. "ಈಗ ಅವ್ಳಿಗೆ ಸ್ನಾನ ಮಾಡಿಸ್ಬೇಕು. ಈಗ್ಲೇ."

"ಆಗಾಕಿಲ್ಲ. ತಾಯಿ ಮುನಿಸ್ಕಂತಾಳೆ. ನನ್ನೆರಡು ಮಕ್ಳಿಗೆ ಯಾರೋ ಅವಸರ ಮಾಡಿ ನೀರು ಹುಯ್ದ್ರು. ಹೋಗ್ಬಿಟ್ಟೋ."

ಇದು ತಾಯಿಯಲ್ಲ, ಔಷಧಿ, ಕಂಪನಿಯದು ಎಂದು ಪಂಕಜಾಕ್ಷಿ ಹೇಳಿದಳು. ಅತ್ತೆ ತಲೆಯಾಡಿಸಿದಳು. ಕಾಣದಿರುವುದು, ಮುಟ್ಟಬಾರದ್ದು, ಮೈಮೇಲೆ ಏಳುವುದು, ಇದಕ್ಕೆ ಅವಳ ಬಳಿ ಒಂದೇ ಹೆಸರಿತ್ತು. ಪಂಕಜಾಕ್ಷಿಯ ಕಾಲೇಜಿನ ಪಾಠದಲ್ಲಿ ಎರಡು ಮಕ್ಕಳನ್ನು ಕಳೆದುಕೊಂಡವಳಿಗೆ ಹೇಳುವ ಮಾತು ಇರಲಿಲ್ಲ. ಕೊನೆಗೆ ಅವಳು ಮೀಟರು ಹಾಕಿ ಅತ್ತೆಯ ಕೈಯ ಮೇಲೆ ಹಿಡಿದಳು. ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್.

"ಏನಿದು, ಶಕುನದ ಹಲ್ಲಿ ಸಾಕವ್ರಾ ಕಂಪನಿಯೋರು," ಎಂದು ಒಳಗಿನಿಂದ ಅಂಜಿನಮ್ಮ ಕೇಳಿದಳು.

"ನೀನು ಕೈ ಹೊರಗೆ ಚಾಚು."

ಅಂಜಿನಮ್ಮ ಬಾಗಿಲಿನ ಕತ್ತಲಿನಿಂದ ಎರಡೂ ಅಂಗೈ ಹೊರಗೆ ಚಾಚಿದಳು. ಮೀಟರು ಕಿರುಚಿಕೊಂಡಿತು. ಅತ್ತೆ ಎದ್ದು ನಿಂತಳು. ಸೊಸೆಯ ನಗು ನಿಂತಿತು.

"ನನ್ ಕೈಯಾಗೇನೈತೆ ಅಕ್ಕೋರೇ?"

"ಇರ್ಬಾರದ್ದು ಇದೆ. ತೊಳೆದ್ರೆ ಹೋಗುತ್ತೆ. ತೊಳೀದಿದ್ರೆ ಚರ್ಮದೊಳಗೆ ಇಳ್ದು ಗಂಟಲಿಗೆ ಹೋಗುತ್ತೆ, ಹಾಲಿಗೆ ಬರುತ್ತೆ. ಅಜ್ಜಿ, ಒಂದು ಸಲ ತೊಳೀತೀನಿ. ಈ ಸದ್ದು ಕಮ್ಮಿಯಾಗ್ದಿದ್ರೆ ನೀವು ಹೇಳ್ದಂಗೇ ಆಗ್ಲಿ."

ಅತ್ತೆ ಸೊಸೆಯ ಕೈ ನೋಡಿದಳು. ನೀರು ಕಾಯಿಸಲು ಹೊರಟಳು.

"ಬಿಸಿ ಬೇಡ, ಬೆಚ್ಚಗಿದ್ರೆ ಸಾಕು. ಉಜ್ಜೋ ಕಲ್ಲು ತರ್ಬೇಡಿ. ಚರ್ಮ ಕಿತ್ತುಬಂದ್ರೆ ಒಳಗಿಳಿಯುತ್ತೆ."

ಹಿತ್ತಲಲ್ಲಿ ಅಡ್ಡಸೀರೆ ಕಟ್ಟಿದರು. ಉಟ್ಟ ಸೀರೆಯನ್ನು ಒಳಮಗ್ಗುಲು ಹೊರಗೆ ಬರುವಂತೆ ಸುತ್ತಿ ಚೀಲಕ್ಕೆ ಹಾಕಿದರು. ಉಗುರು ಕತ್ತರಿಸಿ ಅದನ್ನೂ ಹಾಕಿದರು. ಪಂಕಜಾಕ್ಷಿ ಕೈಗವಸು ಹಾಕಿಕೊಂಡು, ಸೋಪು ಹಚ್ಚಿ, ಬೆರಳು ಬೆರಳಾಗಿ ತೊಳೆದಳು. ಕೈ ತೊಳೆದ ನೀರು ಚರಂಡಿಗೆ ಹೋಗದಂತೆ ಡಬ್ಬದಲ್ಲಿ ಹಿಡಿದಳು. ಆಮೇಲೆ ಮೈಗೆ ನೀರು ಹುಯ್ದಳು.

ಅಂಜಿನಮ್ಮ ಅವಳ ಕೆಂಪು ಕೈಗಳನ್ನೇ ನೋಡುತ್ತಿದ್ದಳು. "ನಮ್ಮನ್ನ ಮುಟ್ಟಾಕೆ ಇದೊಂದು ಹೊಸಾ ದಾರಿ ಕಂಡ್ಕಂಡವ್ರೆ," ಎಂದಳು.

"ಇದು ಅದಕ್ಕಲ್ಲ ಕಣೇ."

"ಅದಕ್ಕಲ್ಲ ಅಂತ ಆ ಬುದ್ಧಿಯೂ ಅಂದಿರೋರು. ಕೊಟ್ಟಿದ್ರೆ ನಾನೂ ಹಾಕ್ಕಂತಿದ್ದೆ. ನನ್ ಕೈಗೆ ಸಣ್ಣದಾಗ್ತಿತ್ತಾ."

ಪಂಕಜಾಕ್ಷಿ ಅವಳ ಅಂಗೈಗಳನ್ನು ಮೇಲಕ್ಕೆ ತಿರುಗಿಸಿದಳು. ಮೀಟರು ಹಿಡಿದಳು. ಕಿರುಚಾಟ ಇಳಿದಿತ್ತು. ಎರಡನೆಯ ಸಲ ತೊಳೆದಳು, ಇನ್ನೂ ಇಳಿಯಿತು. ಮೂರನೆಯ ಸಲ ಹಿಡಿದಾಗ ಹಲ್ಲಿ ಲೊಚಗುಟ್ಟಿದ ಹಾಗೆ ಒಂದು ಟಿಕ್, ಬಿಟ್ಟು ಇನ್ನೊಂದು.

"ಮೂರು ನೀರು ಆಯ್ತು," ಎಂದಳು ಅತ್ತೆ. ತಾಯಿಯನ್ನು ಕಳಿಸುವುದೂ ಮೂರು ನೀರಿನಲ್ಲೇ. ಅವಳಿಗೆ ಲೆಕ್ಕ ಸರಿಹೋಯಿತು.

"ಈಗ ತೆಗೀರಿ ಅದನ್ನ," ಎಂದಳು ಅಂಜಿನಮ್ಮ, ಕೈಗವಸಿನ ಕಡೆ ನೋಡುತ್ತ. ಪಂಕಜಾಕ್ಷಿ ಒಂದು ಗಳಿಗೆ ತಡೆದಳು. ಆ ಗಳಿಗೆ ಹಿತ್ತಲಲ್ಲಿದ್ದ ಮೂವರಿಗೂ ಕಂಡಿತು. ಆಮೇಲೆ ಕೈಗವಸನ್ನು ಒಳಮೈ ಹೊರಗಾಗುವಂತೆ ಕಳಚಿ ಚೀಲಕ್ಕೆ ಹಾಕಿ, ಬರಿಗೈಯಲ್ಲಿ ಅಂಜಿನಮ್ಮನ ಕೈ ಹಿಡಿದು ಎಬ್ಬಿಸಿದಳು.

ಉಡಲು ಶಮ್ಶುನ್ನೀಸಾ ಹಳೆಯ ನೂಲಿನ ಸೀರೆ ಕಳಿಸಿದ್ದಳು. ಮಾತ್ರೆ ಯಾಕೆ ಎಂದು ಅಂಜಿನಮ್ಮ ಕೇಳಿದಾಗ ಪಂಕಜಾಕ್ಷಿ ಬಸ್ಸಿನ ಉದಾಹರಣೆ ಕೊಟ್ಟಳು. "ಗಂಟಲಲ್ಲಿ ಒಂದು ಗ್ರಂಥಿ ಇದೆ. ಅದು ಅಯೋಡಿನ್ ಎಳ್ಕೊಳುತ್ತೆ, ಒಳ್ಳೇದು ಕೆಟ್ಟದ್ದು ನೋಡಲ್ಲ. ಕಡೂರು ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡೀತಾರಲ್ಲ, ಹಂಗೆ. ಈ ಮಾತ್ರೇಲಿರೋ ಒಳ್ಳೇದನ್ನ ಮೊದ್ಲೇ ಕೂರಿಸ್ಬಿಟ್ರೆ ಕೆಟ್ಟದ್ದಕ್ಕೆ ಜಾಗ ಸಿಗಲ್ಲ."

"ನಿಂತ್ಕಂಡು ಬಂದ್ರೆ?"

"ನಿಲ್ಲೋಕೆ ಬಿಡಲ್ಲ ಅದು. ಮೂತ್ರದಲ್ಲಿ ಇಳಿಸುತ್ತೆ. ನೀರು ಜಾಸ್ತಿ ಕುಡಿ. ಹಾಲು ಮಾತ್ರ ನಾನು ಹೇಳೋವರೆಗೆ ಹಿಂಡಿ ಚೆಲ್ಬೇಕು."

ಆ ಮಾತಿಗೆ ಅಂಜಿನಮ್ಮ ಮೊದಲ ಸಲ ಅತ್ತಳು.

ಸಂಜೆ ಪಂಕಜಾಕ್ಷಿ ಬೊಂಬಾಯಿಯ ಸರ್ಕಾರಿ ಅಣುಶಕ್ತಿ ಕಚೇರಿಗೆ ಟ್ರಂಕ್ ಕಾಲ್ ಹಾಕಿ ತಜ್ಞರನ್ನು ಕಳಿಸಲು ಹೇಳಿದಳು. ಚೆಲ್ಲಿದ ಅಯೋಡಿನ್ ಗಾಳಿಗೆ ಏಳದಂತೆ ನೆಲಕ್ಕೆ ಸಿಂಪಡಿಸಲು ಹೈಪೋ ಬೇಕಿತ್ತು. ಫೋಟೊ ತೊಳೆಯುವ ಹೈಪೋ ಮುನೀರ್ ಪಾಷಾನ ಸ್ಟುಡಿಯೋದಲ್ಲಿ ಡಬ್ಬಗಟ್ಟಲೆ ಇತ್ತು. "ಇದ್ರಲ್ಲಿ ಮದುವೆ ಹೆಣ್ಣಿನ ಮುಖ ತೊಳ್ದಿದೀನಿ, ಎಮ್ಮೆಲ್ಲೆ ಮುಖ ತೊಳ್ದಿದೀನಿ. ಗೋದಾಮು ತೊಳ್ದಿರ್ಲಿಲ್ಲ," ಎಂದು ಅವನು ಕೊಟ್ಟ. ಪಂಕಜಾಕ್ಷಿ ಹೊಸ ಕೈಗವಸು ಹಾಕಿ, ಕಾಲಿಗೆ ಚೀಲ ಕಟ್ಟಿ, ಹೈಪೋ ಸಿಂಪಡಿಸಿ, ಅಂಚಿನಿಂದ ನಡುವಿನ ಕಡೆಗೆ ಒರೆಸಿದಳು. ಕಾಗದ, ಗೋಣಿ, ಬಕೆಟ್ಟು, ಗಾಜು, ಸೀರೆ, ಚಪ್ಪಲಿ, ತೊಳೆದ ನೀರಿನ ಡಬ್ಬ ಎಲ್ಲ ಆ ಕೋಣೆಯ ಒಂದೇ ಮೂಲೆಗೆ ಸೇರಿದವು.

ಕೆಲವು ದಿನದ ಮೇಲೆ ಬೊಂಬಾಯಿಯಿಂದ ಬಂದ ತಜ್ಞ ಕೆಟ್ಟ ಹಿಂದಿಯಲ್ಲಿ ಮಾತಾಡುವ ಮುದುಕ. ಅಂಜಿನಮ್ಮನ ಕುತ್ತಿಗೆಗೆ ಬೇರೆಯದೊಂದು ಯಂತ್ರ ಹಿಡಿದ, ಹಾಲನ್ನು ಪುಟ್ಟ ಸೀಸೆಯಲ್ಲಿ ತೆಗೆದುಕೊಂಡು ನೋಡಿದ. ಆ ಹೊತ್ತು ಕೇರಿಯಲ್ಲಿ ಒಂದು ಕೋಳಿಯೂ ಕೂಗಲಿಲ್ಲ. ಕೊನೆಗೆ ಅವನು ಯಂತ್ರ ಕೆಳಗಿಟ್ಟು ಪಂಕಜಾಕ್ಷಿಗೆ ಏನೋ ಹೇಳಿದ. ಪಂಕಜಾಕ್ಷಿ ಅದನ್ನು ಕನ್ನಡಕ್ಕೆ ತರುವ ಮೊದಲೇ ಅವಳ ಮುಖ ನೋಡಿ ಅತ್ತೆ ಶಮ್ಶುನ್ನೀಸಾಳ ಮನೆಯ ಕಡೆ ಓಡಿದಳು.

"ಏನೂ ಇಲ್ಲ ಅಂಜಿನಮ್ಮ. ಗಂಟಲಲ್ಲೂ ಇಲ್ಲ, ಹಾಲಲ್ಲೂ ಇಲ್ಲ. ಕುಡಿಸ್ಬಹುದು."

ಕೂಸು ಬಂತು. ತಾಯಿಯನ್ನು ಅನುಮಾನದಿಂದ ನೋಡಿ, ಮೂಗು ಉಜ್ಜಿ, ಬಾಯಿಟ್ಟಿತು. ಅಂಜಿನಮ್ಮ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಬಾಗಿಲಲ್ಲಿ ನಿಂತ ಶಮ್ಶುನ್ನೀಸಾ, "ಈಗ ಇದು ನನ್ ಮಗನಿಗೆ ತಂಗಿ. ಹಾಲಿನ ತಂಗಿ. ನಮ್ಮಲ್ಲಿ ಒಂದೇ ಹಾಲು ಕುಡ್ದೋರು ಅಣ್ಣತಂಗಿ, ನಾಳೆ ಇವರಿಬ್ಬರಿಗೂ ಲಗ್ನ ಮಾಡೋಹಂಗಿಲ್ಲ, ನೋಡ್ಕೊಳ್ರಮ್ಮ," ಎಂದಳು. ಕೇರಿಯೆಲ್ಲ ನಕ್ಕಿತು. ಅಷ್ಟು ದಿನದ ಮೇಲೆ ಆ ಮನೆಯ ಒಲೆಯ ಮೇಲೆ ಕೋಳಿ ಸಾರು ಏರಿತು.

ಇನ್ನು ಉಳಿದದ್ದು ಕೋಣೆ. ಈ ಅಯೋಡಿನ್ ಎಂಟು ದಿನಕ್ಕೆ ಅರ್ಧ ಸಾಯುತ್ತದೆ, ಉಳಿದದ್ದು ಮತ್ತೆಂಟು ದಿನಕ್ಕೆ ಅರ್ಧ. ಕೆದಕದೆ, ಸಾಗಿಸದೆ, ಮುಚ್ಚಿಟ್ಟರೆ ಸಾಕು, ಶ್ರಾವಣದ ಹೊತ್ತಿಗೆ ಆ ಸಾಮಾನು ಬರೀ ಕಸ ಎಂದು ತಜ್ಞ ಹೇಳಿ ಹೋದ. ಪಂಕಜಾಕ್ಷಿ ಬಾಗಿಲಿಗೆ ವಿಕಿರಣದ ಎಚ್ಚರಿಕೆಯ ಮೂರು ಎಸಳಿನ ಗುರುತಿರುವ ಹಳದಿ ಹಲಗೆ ಹಾಕಿದಳು. ಮಾರನೆಯ ದಿನ ನೋಡಿದರೆ ಹಮಾಲರು ಅದೇ ಬಾಗಿಲಿಗೆ ಒರಗಿ ಬೀಡಿ ಸೇದುತ್ತಿದ್ದರು. ಆ ಎಸಳು ನೋಡಿ, ಒಳಗೆ ಫ್ಯಾನು ಹಾಕಿದ್ದಾರೆ, ಬಾಗಿಲ ಸಂದಿಯಿಂದ ಗಾಳಿ ಬರುತ್ತೆ ಎಂದುಕೊಂಡಿದ್ದರು.

"ನಿಮ್ ಹಲಗೆ ಬ್ಯಾಡ," ಎಂದು ಅತ್ತೆ ಬಂದು ಬೇವಿನ ಸೊಪ್ಪು, ಅರಿಶಿನದ ಬಟ್ಟೆ ಕಟ್ಟಿದಳು. ಅವತ್ತಿನಿಂದ ಹಮಾಲರು ಆ ಕಡೆ ನೆರಳಿಗೂ ಹೋಗಲಿಲ್ಲ. ಸೋಮಶೇಖರಪ್ಪನವರು ತಮ್ಮದೇ ಗೋದಾಮಿಗೆ ದೂರದಿಂದ ಕೈಮುಗಿದು ಇನ್ನೊಂದು ಬಾಗಿಲಿನಿಂದ ಓಡಾಡಿದರು. ಬೀಗದ ಕೈಯನ್ನು ಪಂಕಜಾಕ್ಷಿ ಅಂಜಿನಮ್ಮನಿಗೇ ಕೊಟ್ಟಳು. ಸೊಪ್ಪು ಒಣಗಿದಾಗ ಬದಲಾಯಿಸುವ ಕೆಲಸವನ್ನು ಅಂಜಿನಮ್ಮ ತಾನಾಗಿಯೇ ಹಿಡಿದಳು.

ಕಾರ ಹುಣ್ಣಿಮೆ ಕಳೆಯಿತು. ಕಂಪನಿಯ ಗುತ್ತಿಗೆ ಮುಗಿಯಿತು. ನಾಲೆಗೆ ನೀರು ಬಿಡುತ್ತಾರೆ ಎಂದು ಡಂಗುರವಾಯಿತು. ಕಂಪನಿಯ ದೊಡ್ಡವರು ಬರುವುದರೊಳಗೆ ಇಲ್ಲಿ ಏನೂ ಚೆಲ್ಲಿರಲಿಲ್ಲ ಎಂಬಂತೆ ಕೋಣೆ ಖಾಲಿಯಾಗಿರಬೇಕು ಎಂಬುದು ಓಂಕಾರಮೂರ್ತಿಯ ಆಸೆ. ಪಂಕಜಾಕ್ಷಿ ಲಕ್ಕವಳ್ಳಿಗೆ ಹೋದ ದಿನ ನೋಡಿ ಅವನು ಜೀಪು ತಂದ. ಅಂಜಿನಮ್ಮ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಹೊಸ ಸೊಪ್ಪು ಕಟ್ಟುತ್ತಿದ್ದಳು.

"ಲೇ ಅಂಜಿನಿ, ಬೀಗ ತೆಗಿ. ಒಳಗಿರೋದನ್ನೆಲ್ಲ ಜೀಪಿಗೆ ಹಾಕು. ನಾಲೆಗೆ ಎಸೆದು ಬಂದ್ಬಿಡೋಣ. ನೀರು ಬಂದ್ರೆ ಎಲ್ಲಾ ಕೊಚ್ಕೊಂಡು ಹೋಗುತ್ತೆ."

"ಎಲ್ಲಿಗೆ?"

"ಎಲ್ಲಿಗೋ. ಕೆಳಕ್ಕೆ."

ಅಂಜಿನಮ್ಮ ಸೊಪ್ಪಿನ ಗಂಟು ಬಿಗಿದಳು. ನಾಲೆಯ ಕೆಳಗೆ ಯಾರಿದ್ದಾರೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೇರಿಯವರು ಬಿಂದಿಗೆ ತುಂಬುವುದು ಅಲ್ಲೇ. ಅವಳು ಕೂಸಿನ ಬಟ್ಟೆ ಒಗೆಯುವುದೂ ಅಲ್ಲೇ.

ಓಂಕಾರಮೂರ್ತಿ ಜೇಬಿನಿಂದ ಹೊಸ ಕೈಗವಸಿನ ಜೊತೆ ತೆಗೆದು ಅವಳ ಮುಂದೆ ಹಿಡಿದ. "ತಗೋ, ಈ ಸಲ ತಂದಿದೀನಿ. ಹಾಕ್ಕೊಂಡು ಎತ್ತು."

ಅಂಜಿನಮ್ಮ ಕೈಗವಸು ಇಸಿದುಕೊಂಡಳು. ತಿರುಗಿಸಿ ನೋಡಿದಳು. ಒಂದನ್ನು ಕೈಗೆ ಹಾಕಿ ಬೆರಳಾಡಿಸಿದಳು. ಅವಳ ಕೈಗೆ ಸರಿಯಾಗಿತ್ತು. ಮತ್ತೆ ಕಳಚಿ, ಎರಡನ್ನೂ ಸೇರಿಸಿ ಬೇವಿನ ಪಕ್ಕದ ಮೊಳೆಗೆ ಸಿಕ್ಕಿಸಿದಳು.

"ತೆಗೆಯಲ್ಲ," ಎಂದಳು. "ಶ್ರಾವಣ ಬರ್ಲಿ."

"ಏನಂದೆ?"

"ಬೀಗ ತೆಗೆಯಲ್ಲ ಅಂದೆ." ಕೂಸು ಅವಳ ಸೊಂಟದಲ್ಲಿ ಸಿಕ್ಕಿಸಿದ್ದ ಬೀಗದ ಕೈಗೆ ಕೈಚಾಚಿತು. ಅಂಜಿನಮ್ಮ ಬೀಗದ ಕೈಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಬಾಗಿಲ ಮೆಟ್ಟಿಲ ಮೇಲೆ ಕುಳಿತು, ಕೂಸಿಗೆ ಹಾಲು ಕೊಡಲು ಆ ಕಡೆ ತಿರುಗಿದಳು.